ಕಾಲೇಜು ತಂಡದಲ್ಲಿ ಆಡಿದ್ದ ಅಪ್ಪನ ಬದುಕನ್ನು ಬರೆದಿಡುವ ಬಗೆ

ತಂದೆ ತೀರಿಕೊಂಡ ಮನೆಗೆ ಬರವಣಿಗೆಯ ಕೆಲಸ ಬಂದು ಬೀಳುವುದು ಯಾರಿಗೂ ಪೆನ್ನು ಹಿಡಿಯುವ ಮನಸ್ಸಿಲ್ಲದ ದಿನಗಳಲ್ಲಿ. ಮೊದಲ ದಿನವೇ ಪತ್ರಿಕೆಗೆ ನಾಲ್ಕು ಸಾಲು ಕೊಡಬೇಕು, ಮೂರು ನಾಲ್ಕು ದಿನಗಳೊಳಗೆ ಉತ್ತರಕ್ರಿಯೆಯ ಕಾಗದ ಅಚ್ಚಾಗಬೇಕು, ಆ ದಿನ ಬಂದವರ ಕೈಗೆ ಕೊಡಲು ಭಾವಚಿತ್ರವೂ ಜೀವನದ ವಿವರಗಳೂ ಇರುವ ಎರಡು ಪುಟ ಸಿದ್ಧವಾಗಬೇಕು. ನಮ್ಮ ಮನೆಯಲ್ಲಿ ಈ ಕೆಲಸ ಹಿರಿಯ ಮಗಳಾದ ನನ್ನ ಪಾಲಿಗೆ ಬಂತು. ಅಪ್ಪ 1968ರಿಂದ 1971ರವರೆಗೆ ಮಲೆನಾಡಿನ ಕಾಲೇಜೊಂದರ ವಾಲಿಬಾಲ್ ತಂಡದಲ್ಲಿದ್ದವರು. ಆಮೇಲೆ ಮೂವತ್ತೈದು ವರ್ಷಕ್ಕೂ ಮೇಲೆ ವಿದ್ಯುಚ್ಛಕ್ತಿ ಮಂಡಳಿಯಲ್ಲಿ ನೌಕರಿ ಮಾಡಿದವರು, ಮೂರು ಮಕ್ಕಳನ್ನು ಓದಿಸಿದವರು, ಕಾಯಿಲೆ ಬಿದ್ದ ತಮ್ಮ ತಾಯಿಯನ್ನು ಹನ್ನೊಂದು ವರ್ಷ ಮನೆಯಲ್ಲಿಟ್ಟು ನೋಡಿಕೊಂಡವರು.

ನಾನು ಬರೆದ ಎರಡು ಪುಟಗಳಲ್ಲಿ ‘ರಾಷ್ಟ್ರಮಟ್ಟದ ವಾಲಿಬಾಲ್ ಆಟಗಾರ’, ‘ಅಜಾತಶತ್ರು’, ‘ಆದರ್ಶ ಗೃಹಸ್ಥ’ ಎಂಬ ಮೂರು ಮಾತುಗಳಿದ್ದವು. ಹನ್ನೊಂದನೆಯ ದಿನ ಊಟವಾದ ಮೇಲೆ, ಅಪ್ಪನ ಜೊತೆ ಆಡಿದ್ದ ಹಿರಿಯರೊಬ್ಬರು ಆ ಹಾಳೆಯನ್ನು ಹಿಡಿದುಕೊಂಡೇ ನನ್ನನ್ನು ಪಕ್ಕಕ್ಕೆ ಕರೆದರು. “ಚೆನ್ನಾಗಿ ಬರೆದಿದ್ದೀಯಮ್ಮ. ಆದರೆ ನಾವು ರಾಷ್ಟ್ರಮಟ್ಟಕ್ಕೆ ಹೋಗಲಿಲ್ಲ. ನಿಮ್ಮಪ್ಪ ಯೂನಿವರ್ಸಿಟಿ ಟೀಮಿಗೆ ಸೆಲೆಕ್ಟ್ ಆಗಿದ್ದ, ಸೌತ್ ಜೋನ್‌ನಲ್ಲೇ ಸೋತು ಬಂದ್ವಿ. ಅದಿರಲಿ, ಅವನು ಎಂಥಾ ಲಿಫ್ಟರ್ ಅನ್ನೋದು ಇದರಲ್ಲಿ ಎಲ್ಲೂ ಇಲ್ವಲ್ಲ!” ಎಂದರು. ಲಿಫ್ಟರ್ ಎಂದರೆ ಸ್ಮ್ಯಾಷ್ ಹೊಡೆಯುವವನಿಗೆ ಚೆಂಡನ್ನು ಎತ್ತಿಕೊಡುವ ಆಟಗಾರ. ಅವರ ಮಾತಿನಲ್ಲಿ ಆಕ್ಷೇಪವಿರಲಿಲ್ಲ, ನೋವಿತ್ತು. ವರ್ಷದ ತಿಥಿಯ ಹೊತ್ತಿಗೆ ನಾನು ಎಲ್ಲವನ್ನೂ ಹೊಸದಾಗಿ ಬರೆದೆ. ಆ ಒಂದು ವರ್ಷದಲ್ಲಿ ಕಲಿತದ್ದನ್ನು, ಇದೇ ಕೆಲಸಕ್ಕೆ ಕೂರುವವರಿಗೆ ಉಪಯೋಗವಾಗಲೆಂದು ಇಲ್ಲಿ ಹೇಳುತ್ತಿದ್ದೇನೆ.

ಮೊದಲ ದಿನಗಳಲ್ಲಿ

ಉತ್ತರಕ್ರಿಯೆ ಕೆಲವರಲ್ಲಿ ಹನ್ನೊಂದಕ್ಕೆ, ಕೆಲವರಲ್ಲಿ ಹದಿಮೂರಕ್ಕೆ ನಡೆಯುತ್ತದೆ. ನಲವತ್ತನೆಯ ದಿನವನ್ನು ಆಚರಿಸುವವರೂ ಇದ್ದಾರೆ. ಯಾವ ಪದ್ಧತಿಯಾದರೂ ಆ ಅವಧಿಯಲ್ಲಿ ಪೂರ್ಣ ಜೀವನಚಿತ್ರ ಬರೆಯಲು ಹೋಗಬೇಡಿ. ಖಚಿತವಾಗಿ ಗೊತ್ತಿರುವುದನ್ನು ಮಾತ್ರ ಅಚ್ಚಿಗೆ ಕೊಡಿ: ಪೂರ್ಣ ಹೆಸರು, ಜನ ಕರೆಯುತ್ತಿದ್ದ ಹೆಸರು, ಊರು, ಉದ್ಯೋಗ, ತೀರಿಕೊಂಡ ದಿನ, ಕ್ರಿಯೆ ನಡೆಯುವ ಸ್ಥಳ ಮತ್ತು ಹೊತ್ತು. ಹಳೆಯ ಆಟಗಾರರ ವಿಷಯದಲ್ಲಿ ಜನ ಕರೆಯುತ್ತಿದ್ದ ಹೆಸರು ಬಹಳ ಮುಖ್ಯ, ಏಕೆಂದರೆ ಐವತ್ತು ವರ್ಷದ ಹಿಂದೆ ಜೊತೆಗೆ ಆಡಿದವರಿಗೆ ಆ ಹೆಸರಷ್ಟೇ ನೆನಪಿರುತ್ತದೆ. ದಾಖಲೆಯಲ್ಲಿರುವ ಹೆಸರು ಓದಿ ಅವರು ಪುಟ ಮಗುಚಿಬಿಡುತ್ತಾರೆ.

ಸಾವನ್ನು ಹೇಳುವ ಪದವನ್ನು ಮನೆಯ ಹಿರಿಯರನ್ನು ಕೇಳಿ ಆರಿಸಿಕೊಳ್ಳಿ. ದೈವಾಧೀನರಾದರು, ಲಿಂಗೈಕ್ಯರಾದರು, ಹರಿಪಾದ ಸೇರಿದರು ಎಂಬ ಮಾತುಗಳಿಗೆ ಒಂದೊಂದು ಪರಂಪರೆಯ ಹಿನ್ನೆಲೆಯಿದೆ, ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ನೆಂಟರಿಗೆ ಚುಚ್ಚುತ್ತದೆ. ಅಪ್ಪನಿಗೆ ಅಂಥ ಮಾತುಗಳಲ್ಲಿ ಆಸಕ್ತಿ ಇರಲಿಲ್ಲವಾದ್ದರಿಂದ ನಾವು ‘ನಿಧನರಾದರು’ ಎಂದು ಬರೆದೆವು. ಅದು ಎಲ್ಲರಿಗೂ ಒಪ್ಪುವ, ಸರಳವಾದ ಪದ.

ಆ ದಿನಗಳಲ್ಲಿ ತಪ್ಪದೆ ಮಾಡಬೇಕಾದ ಇನ್ನೊಂದು ಕೆಲಸವಿದೆ. ಮಾತನಾಡಿಸಲು ಬರುವವರಲ್ಲಿ ಅರ್ಧದಷ್ಟು ಜನರನ್ನು ನೀವು ಮತ್ತೆ ಎಂದೂ ನೋಡದಿರಬಹುದು. ಒಂದು ನೋಟ್‌ಬುಕ್ ಇಟ್ಟುಕೊಂಡು, ಮನೆಯ ಒಬ್ಬರು ಬಂದವರ ಹೆಸರು, ಊರು, ಫೋನ್ ನಂಬರ್ ಬರೆದುಕೊಂಡು, ಒಂದೇ ಒಂದು ಪ್ರಶ್ನೆ ಕೇಳಲಿ: “ನೀವು ಅವರನ್ನು ಮೊದಲು ನೋಡಿದ್ದು ಎಲ್ಲಿ?” ಅವರು ಹೇಗಿದ್ದರು ಎಂದು ಕೇಳಿದರೆ “ದೇವರಂಥ ಮನುಷ್ಯ” ಎಂಬ ಉತ್ತರ ಬರುತ್ತದೆ, ಅದರ ಮುಂದೆ ಕೇಳಲು ಏನೂ ಉಳಿಯುವುದಿಲ್ಲ. ಎಲ್ಲಿ ನೋಡಿದ್ದು ಎಂದು ಕೇಳಿದರೆ ಒಂದು ಮೈದಾನ, ಒಂದು ಬಸ್ ಸ್ಟ್ಯಾಂಡ್, ಒಂದು ಮದುವೆ ಮನೆ ಎದುರಿಗೆ ಬರುತ್ತದೆ. ನಮ್ಮ ನೋಟ್‌ಬುಕ್ಕಿನಲ್ಲಿ ಅರವತ್ತಕ್ಕೂ ಹೆಚ್ಚು ಉತ್ತರಗಳಿದ್ದವು. ಮುಂದಿನ ಕೆಲಸವೆಲ್ಲ ಅದರ ಮೇಲೆಯೇ ನಿಂತಿತು.

ಆಟದ ವಿವರಗಳನ್ನು ಸರಿಯಾಗಿ ಗುರುತಿಸುವುದು

ಕಾಲೇಜು ಕ್ರೀಡೆಗೆ ಮೆಟ್ಟಿಲುಗಳಿವೆ, ಮಕ್ಕಳು ಬರೆಯುವಾಗ ಅವೆಲ್ಲ ಒಂದರೊಳಗೊಂದು ಕಲಸಿಹೋಗುತ್ತವೆ. ಮೊದಲು ಕಾಲೇಜು ತಂಡ. ಆ ತಂಡ ಅದೇ ವಿಶ್ವವಿದ್ಯಾನಿಲಯದ ಬೇರೆ ಕಾಲೇಜುಗಳ ಎದುರು ಆಡುವುದು ಅಂತರ ಕಾಲೇಜು ಪಂದ್ಯಾವಳಿ, ಅದರಲ್ಲಿಯೂ ವಲಯ ಮಟ್ಟ ಮತ್ತು ಅಂತರ ವಲಯ ಮಟ್ಟಗಳಿರುತ್ತವೆ. ಅಲ್ಲಿ ಚೆನ್ನಾಗಿ ಆಡಿದವರನ್ನು ಆರಿಸಿ ಕಟ್ಟುವುದು ವಿಶ್ವವಿದ್ಯಾನಿಲಯದ ತಂಡ. ಆ ತಂಡ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾನಿಲಯ ಪಂದ್ಯಗಳಿಗೆ ಹೋಗುತ್ತದೆ, ಅಲ್ಲಿ ಗೆದ್ದರೆ ಅಖಿಲ ಭಾರತ ಹಂತಕ್ಕೆ. ರಾಜ್ಯ ತಂಡ ಮತ್ತು ರಾಷ್ಟ್ರೀಯ ಚಾಂಪಿಯನ್‌ಷಿಪ್ ಎಂಬುದು ಇದರಿಂದ ಬೇರೆಯಾದ, ಕ್ರೀಡಾ ಸಂಸ್ಥೆಗಳು ನಡೆಸುವ ದಾರಿ. ನಿಮ್ಮ ತಂದೆ ಯಾವ ಮೆಟ್ಟಿಲಿನವರೆಗೆ ಹೋಗಿದ್ದರೋ ಅದನ್ನೇ ಬರೆಯಿರಿ. ಹಳ್ಳಿಯಿಂದ ಬಂದ ಹುಡುಗನೊಬ್ಬ 1970ರಲ್ಲಿ ವಿಶ್ವವಿದ್ಯಾನಿಲಯದ ತಂಡಕ್ಕೆ ಆಯ್ಕೆಯಾದದ್ದು ಸಣ್ಣ ವಿಷಯವಲ್ಲ. ಅದಕ್ಕೆ ‘ರಾಷ್ಟ್ರಮಟ್ಟ’ ಎಂಬ ಮಾತನ್ನು ಸೇರಿಸಿದಾಗ, ನಿಜವಾಗಿ ಜೊತೆಗಿದ್ದವರ ಕಣ್ಣಿನಲ್ಲಿ ಅವರ ಸಾಧನೆಯೇ ಅನುಮಾನಕ್ಕೆ ಬೀಳುತ್ತದೆ.

ಪ್ರಮಾಣಪತ್ರಗಳನ್ನು ಓದುವಾಗ ಅಂದಿನ ನಿಯಮಗಳನ್ನು ನೆನಪಿನಲ್ಲಿಡಬೇಕು. ಅಪ್ಪನ ಟ್ರಂಕಿನಲ್ಲಿದ್ದ ಒಂದು ಹಾಳೆಯಲ್ಲಿ ಪಂದ್ಯದ ಅಂಕ 15-11, 13-15, 15-12 ಎಂದಿತ್ತು. ನನ್ನ ಮಗ, ಇಂದು ಶಾಲೆಯಲ್ಲಿ ವಾಲಿಬಾಲ್ ಆಡುವವನು, ಸೆಟ್ ಎಂದರೆ 25 ಅಂಕವಲ್ಲವೇ, ಇದು ತಪ್ಪಿರಬೇಕು ಎಂದ. ತಪ್ಪೇನೂ ಇರಲಿಲ್ಲ. ಆಗ ಸೆಟ್ 15 ಅಂಕಗಳದ್ದಾಗಿತ್ತು, ಸರ್ವಿಸ್ ಮಾಡಿದ ಕಡೆಯವರಿಗೆ ಮಾತ್ರ ಅಂಕ ಸಿಗುತ್ತಿತ್ತು. ಪ್ರತಿ ರ‍್ಯಾಲಿಗೂ ಅಂಕ ಕೊಡುವ ಈಗಿನ ಪದ್ಧತಿ ಅಂತರರಾಷ್ಟ್ರೀಯ ಮಟ್ಟದಲ್ಲಿ ಬಂದದ್ದು 1998ರ ನಂತರ. ಹಿಂದಿನ ಸಾಲಿನಲ್ಲಿ ನಿಂತು ಚೆಂಡು ತಡೆಯುವುದಕ್ಕೆಂದೇ ಇರುವ ಲಿಬೆರೊ ಎಂಬ ಆಟಗಾರನ ಜಾಗವೂ ಆ ಹೊತ್ತಿನದೇ. ಹೀಗಾಗಿ ಆ ಕಾಲದ ಗಿಡ್ಡ ಹುಡುಗನಿಗೆ ತಂಡದಲ್ಲಿ ಜಾಗ ಬೇಕಿದ್ದರೆ ಅವನು ಲಿಫ್ಟರ್ ಆಗಬೇಕಿತ್ತು. ನೆಟ್ಟಿನ ಎತ್ತರ 2.43 ಮೀಟರ್, ಅಪ್ಪನ ಎತ್ತರ ಐದು ಅಡಿ ಐದು ಅಂಗುಲ.

ಬೇರೆ ಆಟಗಳಿಗೂ ಇಂಥ ಎಚ್ಚರಿಕೆ ಬೇಕು. ಓಟಗಾರರ ಹಳೆಯ ಪ್ರಮಾಣಪತ್ರಗಳಲ್ಲಿ 100 ಗಜ, 440 ಗಜ ಎಂದಿರುತ್ತದೆ. 100 ಗಜವೆಂದರೆ 91.44 ಮೀಟರ್ ಮಾತ್ರ, ಆದ್ದರಿಂದ ಆ ಸಮಯವನ್ನು ನೂರು ಮೀಟರಿನ ಓಟವೆಂದು ಬರೆದರೆ ಕಾಲೇಜು ಹುಡುಗ ವಿಶ್ವದಾಖಲೆಯ ಹತ್ತಿರ ನಿಂತುಬಿಡುತ್ತಾನೆ. ಸ್ಟಾಪ್‌ವಾಚ್ ಕೈಯಲ್ಲಿ ಹಿಡಿದು ಅಳೆದ ಸಮಯ ಸೆಕೆಂಡಿನ ಹತ್ತನೇ ಒಂದು ಭಾಗದವರೆಗೆ ಮಾತ್ರ ಇರುತ್ತದೆ, ಅದನ್ನು ಹಾಗೆಯೇ ಬಿಡಿ. ಷಟಲ್ ಬ್ಯಾಡ್ಮಿಂಟನ್‌ನ 21 ಅಂಕಗಳ ಪದ್ಧತಿ 2006ರದು, ಅದಕ್ಕೆ ಮೊದಲು ಪುರುಷರ ಆಟ 15 ಅಂಕಗಳದು. ನಮ್ಮ ಕಡೆ ಬಹಳ ಜನಪ್ರಿಯವಾಗಿದ್ದ ಬಾಲ್ ಬ್ಯಾಡ್ಮಿಂಟನ್‌ನಲ್ಲಿ ಐವರ ತಂಡ, ಉಣ್ಣೆಯ ಚೆಂಡು, ಆಗ 29 ಅಂಕಗಳ ಆಟ. ಹಾಕಿಯಾದರೆ ಕಾಲೇಜು ದಿನಗಳೆಲ್ಲ ಮಣ್ಣು ಅಥವಾ ಹುಲ್ಲಿನ ಮೇಲೆಯೇ ಕಳೆದಿರುತ್ತವೆ. ಒಲಿಂಪಿಕ್ಸ್‌ನಲ್ಲಿಯೇ ಕೃತಕ ಹಾಸು ಮೊದಲು ಬಂದದ್ದು 1976ರ ಮಾಂಟ್ರಿಯಲ್‌ನಲ್ಲಿ.

ಸಂಸ್ಥೆಗಳ ಹೆಸರುಗಳೂ ಬದಲಾಗಿವೆ. 1973ರ ನವೆಂಬರ್ 1ಕ್ಕೆ ಮೊದಲಿನದಾದರೆ ರಾಜ್ಯದ ಹೆಸರು ಮೈಸೂರು. ಶಿವಮೊಗ್ಗ, ಚಿಕ್ಕಮಗಳೂರಿನ ಕಾಲೇಜುಗಳು ಆಗ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಕುವೆಂಪು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1987ರಲ್ಲಿ, ಮಂಗಳೂರಿನದು ಮತ್ತು ಗುಲ್ಬರ್ಗದ್ದು 1980ರಲ್ಲಿ. ಅಪ್ಪ ಸೇರಿದ್ದು ಮೈಸೂರು ರಾಜ್ಯದ ವಿದ್ಯುಚ್ಛಕ್ತಿ ಮಂಡಳಿಗೆ, ನಡುವೆ ಅದು ಕೆಇಬಿ, 1999ರಲ್ಲಿ ಕೆಪಿಟಿಸಿಎಲ್, 2002ರಲ್ಲಿ ಮೆಸ್ಕಾಂ. ಮೈಸೂರು ಬ್ಯಾಂಕ್, ವಿಜಯಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್‌ಗಳಲ್ಲಿ ಇದ್ದವರ ಮಕ್ಕಳಿಗೂ ಇದೇ ತೊಡಕು ಎದುರಾಗುತ್ತದೆ. ಅವರು ಇದ್ದಾಗಿನ ಹೆಸರನ್ನೇ ಬರೆದು, ಈಗಿನದನ್ನು ಒಂದು ಸಲ ಹೇಳಿದರೆ ಸಾಕು.

ಹುಟ್ಟಿದ ದಿನದ ಬಗ್ಗೆಯೂ ಒಂದು ಮಾತು. ಆ ತಲೆಮಾರಿನವರ ಶಾಲಾ ದಾಖಲೆಯ ತಾರೀಖು ಅನೇಕ ಬಾರಿ ಹೆಡ್‌ಮಾಸ್ತರರು ಅಂದಾಜಿನಲ್ಲಿ ಬರೆದುಕೊಂಡದ್ದು. ಜಾತಕವಿದ್ದರೆ ಸಂವತ್ಸರವನ್ನು ನೋಡಿ. ಅಪ್ಪನದರಲ್ಲಿ ವಿಕೃತಿ ಸಂವತ್ಸರ ಎಂದಿತ್ತು, ಅಂದರೆ 1950ರ ಯುಗಾದಿಯಿಂದ 1951ರ ಯುಗಾದಿಯವರೆಗಿನ ಅವಧಿ. ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುವುದರಿಂದ 2010-11 ಕೂಡ ವಿಕೃತಿಯೇ. ಹಾಗೆಯೇ ವರ್ಷದ ತಿಥಿ ಪಂಚಾಂಗದ ಪ್ರಕಾರ ಬರುವ ಕಾರಣ ತಾರೀಖಿಗೆ ಹೊಂದುವುದಿಲ್ಲ, ಎರಡನ್ನೂ ಬರೆಯಿರಿ.

ಗ್ರೂಪ್ ಫೋಟೊ ಮತ್ತು ವಾರ್ಷಿಕ ಸಂಚಿಕೆ

ಕಾಲೇಜು ಆಟಗಾರನ ಮನೆಯಲ್ಲಿ ಒಂದು ಗ್ರೂಪ್ ಫೋಟೊ ಇದ್ದೇ ಇರುತ್ತದೆ. ದಪ್ಪ ರಟ್ಟಿನ ಮೇಲೆ ಅಂಟಿಸಿದ ಕಪ್ಪು ಬಿಳುಪು ಚಿತ್ರ, ನಡುವೆ ಪ್ರಾಂಶುಪಾಲರು, ಪಕ್ಕದಲ್ಲಿ ಪಿ.ಡಿ. (ದೈಹಿಕ ಶಿಕ್ಷಣದ) ಮೇಷ್ಟ್ರು, ನೆಲದ ಮೇಲೆ ಒಂದು ಷೀಲ್ಡ್ ಮತ್ತು ಚೆಂಡು, ಕೆಳಗೆ ‘ಕುಳಿತವರು’, ‘ನಿಂತವರು’ ಎಂದು ಎಡದಿಂದ ಬಲಕ್ಕೆ ಹೆಸರುಗಳು. ಇದು ಬಹಳ ಬೆಲೆಯುಳ್ಳ ದಾಖಲೆ. ಚೌಕಟ್ಟಿನ ಗಾಜಿಗೆ ಚಿತ್ರ ಅಂಟಿಕೊಂಡಿದ್ದರೆ ಎಳೆದು ಬಿಡಿಸಬೇಡಿ, ಬಣ್ಣವೆಲ್ಲ ಗಾಜಿಗೇ ಉಳಿದುಬಿಡುತ್ತದೆ. ಹಗಲಿನ ಬೆಳಕಿನಲ್ಲಿ, ಫ್ಲ್ಯಾಷ್ ಇಲ್ಲದೆ, ಗಾಜಿನ ಮೇಲೆ ಕಿಟಕಿಯ ಪ್ರತಿಬಿಂಬ ಬೀಳದಂತೆ ಇಟ್ಟು ಹಾಗೆಯೇ ಫೋಟೊ ತೆಗೆಯಿರಿ. ಬಿಡಿಯಾಗಿ ಇರುವುದನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ; ಗುಂಪಿನ ಚಿತ್ರದಲ್ಲಿ ಮುಖಗಳು ಕಡಲೆಕಾಳಿನಷ್ಟು ಇರುತ್ತವೆ, ಕಡಿಮೆ ಗುಣಮಟ್ಟದಲ್ಲಿ ಮಾಡಿದರೆ ದೊಡ್ಡದು ಮಾಡಿದಾಗ ಏನೂ ಕಾಣುವುದಿಲ್ಲ. ಹಿಂಬದಿಯಲ್ಲಿ ಹೆಸರು ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್ಲಿನಿಂದ ಬರೆಯಿರಿ. ಪ್ರಮಾಣಪತ್ರಗಳಿಗೆ ಲ್ಯಾಮಿನೇಷನ್ ಮಾಡಿಸಲು ಹೋಗಬೇಡಿ, ಒಮ್ಮೆ ಬಿಸಿ ಪ್ಲಾಸ್ಟಿಕ್ ಅಂಟಿದ ಮೇಲೆ ಆ ಕಾಗದವನ್ನು ಉಳಿಸುವ ದಾರಿ ಇರುವುದಿಲ್ಲ.

ಫೋಟೊ ಕಳೆದುಹೋಗಿದ್ದರೆ ಕಾಲೇಜಿನ ವಾರ್ಷಿಕ ಸಂಚಿಕೆಯನ್ನು ಹುಡುಕಬೇಕು. ಅದರ ಕೊನೆಯ ಪುಟಗಳಲ್ಲಿ ಕ್ರೀಡಾ ವರದಿ ಇರುತ್ತದೆ, ತಂಡದ ಪಟ್ಟಿ, ನಾಯಕನ ಹೆಸರು, ಸೋತ ಗೆದ್ದ ಪಂದ್ಯಗಳೆಲ್ಲ ಒಂದೆರಡು ಪುಟದಲ್ಲಿ ಸಿಗುತ್ತವೆ. ನಾನು ಹೋದ ಕಾಲೇಜಿನ ಗ್ರಂಥಾಲಯದಲ್ಲಿ 1969ರದು ಸಿಕ್ಕಿತು, 1970ರದನ್ನು ಹಳೆಯ ಕಾಗದದ ಜೊತೆ ತೂಕಕ್ಕೆ ಹಾಕಿದ್ದರು. ಕಾಣೆಯಾದ ಸಂಚಿಕೆ ನಿವೃತ್ತ ಅಧ್ಯಾಪಕರ ಮನೆಯಲ್ಲೋ, ಅಂದಿನ ವಿದ್ಯಾರ್ಥಿ ಸಂಪಾದಕರ ಬಳಿಯೋ ಇರುವ ಸಾಧ್ಯತೆ ಹೆಚ್ಚು. ಪತ್ರಿಕೆಗಳ ಹಳೆಯ ಸಂಪುಟಗಳಲ್ಲಿ ಹುಡುಕುವವರು ಮೊದಲು ಆ ವರ್ಷ ಯಾವ ಪತ್ರಿಕೆ ಇತ್ತು ಎಂದು ನೋಡಿಕೊಳ್ಳಲಿ: ಪ್ರಜಾವಾಣಿ 1948ರಿಂದ, ಕನ್ನಡಪ್ರಭ 1967ರಿಂದ, ಉದಯವಾಣಿ 1970ರಿಂದ. ಅಂತರ ಕಾಲೇಜು ಪಂದ್ಯಗಳ ಸುದ್ದಿ ಒಳಪುಟದಲ್ಲಿ ಮೂರು ಸಾಲು ಬಂದಿದ್ದರೆ ಅದೇ ಹೆಚ್ಚು, ಅದರಲ್ಲಿಯೂ ಹೆಸರಿರುವುದು ಸ್ಮ್ಯಾಷ್ ಹೊಡೆದವರದ್ದು. ಲಿಫ್ಟರ್ ಹೆಸರು ಹುಡುಕಿ ನಾನು ಎರಡು ದಿನ ಕಳೆದೆ, ಸಿಗಲಿಲ್ಲ.

ಜೊತೆಗಾರರನ್ನು ಕಂಡು ಮಾತನಾಡುವುದು

ಕಾಗದದಲ್ಲಿ ಸಿಗದದ್ದು ಮನುಷ್ಯರಲ್ಲಿ ಸಿಗುತ್ತದೆ, ಆದರೆ ಅವರಿಗೆ ಎಪ್ಪತ್ತು ದಾಟಿರುವುದರಿಂದ ಈ ಕೆಲಸವನ್ನು ಮುಂದಕ್ಕೆ ಹಾಕುವಂತಿಲ್ಲ. ಫೋನಿನಲ್ಲಿ ಕೇಳಿ ಮುಗಿಸದೆ ಮನೆಗೆ ಹೋಗಿ. ಗ್ರೂಪ್ ಫೋಟೊದ ದೊಡ್ಡ ಪ್ರತಿಯೊಂದನ್ನು ಕೊಂಡೊಯ್ದು ಅವರ ಕೈಗೆ ಕೊಟ್ಟು ಸುಮ್ಮನೆ ಕುಳಿತುಕೊಳ್ಳಿ. ಮಾತು ತಾನಾಗಿ ಶುರುವಾಗುತ್ತದೆ. ರೆಕಾರ್ಡ್ ಮಾಡುವುದಾದರೆ ಕೇಳಿಯೇ ಮಾಡಿ. ಯಾರು ಎಷ್ಟು ಪಂದ್ಯ ಗೆದ್ದರು ಎಂಬುದನ್ನು ನೆನಪಿನ ಮೇಲೆ ನಂಬಬೇಡಿ, ಇಬ್ಬರಾದರೂ ಹೇಳಿದ್ದನ್ನು ಮಾತ್ರ ತೆಗೆದುಕೊಳ್ಳಿ. ಆದರೆ ದೇಹದ ಬಗ್ಗೆ, ಅಭ್ಯಾಸಗಳ ಬಗ್ಗೆ ಅವರು ಹೇಳುವುದನ್ನು ಪೂರ್ತಿ ಬರೆದುಕೊಳ್ಳಿ, ಏಕೆಂದರೆ ಜೊತೆಗೆ ಆಡಿದವರ ದೇಹಕ್ಕೆ ಅದು ಮರೆಯುವುದಿಲ್ಲ. ಅವರು ಎಲ್ಲಿ ನಿಲ್ಲುತ್ತಿದ್ದರು, ಸೋತಾಗ ಏನು ಮಾಡುತ್ತಿದ್ದರು, ಪಂದ್ಯಕ್ಕೆ ಮುಂಚೆ ಏನು ತಿನ್ನುತ್ತಿದ್ದರು, ಯಾರ ಶೂ ಹಾಕಿಕೊಂಡು ಆಡಿದರು ಎಂದು ಕೇಳಿ.

ಹನ್ನೊಂದನೆಯ ದಿನ ನನ್ನನ್ನು ಪಕ್ಕಕ್ಕೆ ಕರೆದಿದ್ದ ಆ ಹಿರಿಯರ ಮನೆಗೆ ನಾನು ಮೂರು ತಿಂಗಳ ನಂತರ ಹೋದೆ. ಅವರು ತಂಡದ ಸ್ಮ್ಯಾಷರ್ ಆಗಿದ್ದವರು. ಅಪ್ಪ ಹೇಗೆ ಲಿಫ್ಟ್ ಕೊಡುತ್ತಿದ್ದರೆಂದು ತೋರಿಸಲು ಎದ್ದು ನಿಂತು, ಎರಡೂ ಕೈಗಳನ್ನು ಹಣೆಯ ಮೇಲಕ್ಕೆ ಎತ್ತಿ, ಅಂಗೈ ತಾಗಿಸದೆ ಹತ್ತು ಬೆರಳ ತುದಿಗಳನ್ನು ಬಟ್ಟಲಿನಂತೆ ಅಗಲಿಸಿದರು. “ಚೆಂಡು ಅವನ ಕೈಗೆ ಬಂದರೆ ಸದ್ದೇ ಆಗ್ತಿರ್ಲಿಲ್ಲ ಕಣಮ್ಮ. ರೆಫ್ರಿ ಡಬಲ್ ಕೊಡೋಕೆ ಕಾಯ್ತಾ ಇರ್ತಿದ್ದ, ಸಿಗ್ತಾನೇ ಇರ್ಲಿಲ್ಲ” ಎಂದರು. ಡಬಲ್ ಎಂದರೆ ಚೆಂಡು ಒಬ್ಬರ ಕೈಗೆ ಎರಡು ಸಲ ತಾಗಿದ ತಪ್ಪು. ಆ ಭಂಗಿಯನ್ನು ನಾನು ಮನೆಯಲ್ಲಿ ಮೂವತ್ತು ವರ್ಷ ನೋಡಿದ್ದೆ. ಹಬ್ಬಕ್ಕೆ ಅಟ್ಟದಿಂದ ತಾಮ್ರದ ಹಂಡೆ, ಹಿತ್ತಾಳೆ ಚೆರಿಗೆ ಇಳಿಸುವಾಗ ಅಮ್ಮ ಏಣಿಯ ಮೇಲಿನಿಂದ ಒಂದೊಂದಾಗಿ ಕೊಡುತ್ತಿದ್ದರು, ಅಪ್ಪ ಕೆಳಗೆ ನಿಂತು ಹೀಗೆಯೇ ಹಣೆಯ ಮೇಲೆ ಹತ್ತು ಬೆರಳುಗಳಲ್ಲಿ ಅವನ್ನು ಸದ್ದಿಲ್ಲದೆ ತೆಗೆದುಕೊಂಡು, ಮೊಣಕಾಲು ಬಾಗಿಸಿ ನೆಲಕ್ಕೆ ಇಳಿಸುತ್ತಿದ್ದರು. ಅವರ ಬಲಗೈಯ ಕಿರುಬೆರಳು ಸೊಟ್ಟಗಿದ್ದುದಕ್ಕೂ ಕಾರಣ ಅಂದೇ ತಿಳಿಯಿತು: 1970ರ ಒಂದು ಅಭ್ಯಾಸದಲ್ಲಿ ಚೆಂಡು ತಾಗಿ ಮುರಿದದ್ದನ್ನು ಯಾರಿಗೂ ಹೇಳದೆ ಬಟ್ಟೆ ಸುತ್ತಿಕೊಂಡು ಆಡಿದ್ದರಂತೆ.

ನೀವು ಹುಡುಕಬೇಕಾದದ್ದು ಇಂಥದ್ದನ್ನು. ಮೈದಾನದಲ್ಲಿ ಕಲಿತ ಯಾವುದೋ ಒಂದು ಮನೆಯೊಳಗೆ ಬಂದಿರುತ್ತದೆ. ಕಬಡ್ಡಿ ಆಡಿದವರು ಮಕ್ಕಳ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು ರಸ್ತೆ ದಾಟಿಸುತ್ತಿರಬಹುದು, ದೂರದ ಓಟಗಾರರು ಮುಂಜಾನೆ ನಾಲ್ಕೂವರೆಗೆ ಏಳುವುದನ್ನು ಕೊನೆಯವರೆಗೂ ಬಿಟ್ಟಿರಲಿಕ್ಕಿಲ್ಲ. ಅದನ್ನು ಕಂಡುಹಿಡಿಯಲು ಮೈದಾನ ಕಂಡವರನ್ನೂ ಮನೆ ಕಂಡವರನ್ನೂ ಒಂದೇ ಕಡೆ ಕೂರಿಸಿ ಮಾತನಾಡಿಸುವುದು ಒಳ್ಳೆಯದು. ಒಬ್ಬರಿಗೆ ಗೊತ್ತಿರುವುದರ ಇನ್ನರ್ಧ ಮತ್ತೊಬ್ಬರ ಬಳಿ ಇರುತ್ತದೆ.

ಮನೆಯ ಬದುಕನ್ನು ಬರೆಯುವುದು

ಆಟಕ್ಕಿಂತ ಇದು ಕಷ್ಟ. ಆಟಕ್ಕೆ ಅಂಕಪಟ್ಟಿ ಇದೆ, ಸಂಸಾರಕ್ಕೆ ಇಲ್ಲ. ‘ಕುಟುಂಬವತ್ಸಲ’, ‘ತ್ಯಾಗಮಯಿ’ ಎಂಬ ಪದಗಳನ್ನು ಯಾರ ತಂದೆಗಾದರೂ ಹಾಕಬಹುದಾದ್ದರಿಂದ ನಿಮ್ಮ ತಂದೆಯ ಬಗ್ಗೆ ಅವು ಏನನ್ನೂ ಹೇಳುವುದಿಲ್ಲ. ಅವರು ಏನು ಮಾಡಿದರೆಂಬುದನ್ನು ದಿನ, ವಸ್ತು, ಮೊತ್ತದ ಸಮೇತ ಬರೆಯಿರಿ. ಇದಕ್ಕೆ ಮನೆಯಲ್ಲೇ ಆಧಾರಗಳಿರುತ್ತವೆ: ಲೆಕ್ಕದ ಪುಸ್ತಕ, ಹಳೆಯ ಪತ್ರಗಳು, ಬ್ಯಾಂಕಿನ ಪಾಸ್‌ಬುಕ್, ಮಕ್ಕಳ ಪ್ರೋಗ್ರೆಸ್ ಕಾರ್ಡಿನ ಸಹಿಗಳು, ಆಸ್ಪತ್ರೆಯ ಚೀಟಿಗಳು.

ಅಪ್ಪ ಪ್ರತಿ ವರ್ಷ ಬರುವ ಡೈರಿಯಲ್ಲಿ ಮನೆಯ ಖರ್ಚನ್ನು ಬರೆಯುತ್ತಿದ್ದರು. 1984ರ ಜೂನ್ ತಿಂಗಳ ಒಂದು ಪುಟದಲ್ಲಿ ಅಕ್ಕಿ, ಸೀಮೆಎಣ್ಣೆ, ನನ್ನ ಶಾಲೆಯ ಫೀಸು, ಅಜ್ಜಿಯ ಮಾತ್ರೆ ಇವುಗಳ ನಡುವೆ ‘ಬ್ಲಾಡರ್’ ಎಂದಿದೆ. ಚರ್ಮದ ಹೊಲಿಗೆಯ ಚೆಂಡಿನ ಒಳಗೆ ಆಗ ರಬ್ಬರಿನ ಬ್ಲಾಡರ್ ಇರುತ್ತಿತ್ತು, ಒಡೆದರೆ ದಾರ ಬಿಚ್ಚಿ ಬದಲಾಯಿಸಬೇಕಿತ್ತು. ಕ್ವಾರ್ಟರ್ಸಿನ ಹಿಂದಿನ ಬಯಲಿನಲ್ಲಿ ಎರಡು ಕಂಬ ನೆಟ್ಟು ಹುಡುಗರಿಗೆ ಆಡಿಸುತ್ತಿದ್ದ ಚೆಂಡಿನದು ಅದು. ಅದೇ ಪುಟದಲ್ಲಿ ಅವರ ಸ್ವಂತದ ಖರ್ಚು ಎಂದು ಹೇಳಬಹುದಾದ ಬೇರೆ ಯಾವ ಸಾಲೂ ಇಲ್ಲ. ಆ ಪುಟದ ಚಿತ್ರವನ್ನು ಪುಸ್ತಿಕೆಯಲ್ಲಿ ಹಾಗೆಯೇ ಅಚ್ಚು ಹಾಕಿಸಿದೆವು, ಕೆಳಗೆ ವಿವರಣೆ ಬರೆಯಲಿಲ್ಲ.

ಊಟದ ವಿಚಾರವನ್ನು ಬಿಡಬೇಡಿ. ಎಡೆ ಇಡುವ ಪದ್ಧತಿ ಇರುವ ಮನೆಗಳಲ್ಲಿ, ಮಹಾಲಯ ಅಮಾವಾಸ್ಯೆಯ ದಿನ ಬಾಳೆಎಲೆಯ ಮೇಲೆ ಏನೇನು ಇಟ್ಟರು ಎಂಬ ಪಟ್ಟಿಯಲ್ಲೇ ಆ ಮನುಷ್ಯನ ಅರ್ಧ ಚರಿತ್ರೆ ಇರುತ್ತದೆ. ಅಪ್ಪ ಹೋದ ವರ್ಷ ಅಮ್ಮ ಕಡುಬು, ಮೀನಿನ ಸಾರುಗಳ ಪಕ್ಕದಲ್ಲಿ ಒಂದು ಸಣ್ಣ ಬಟ್ಟಲು ನೆನೆಸಿದ ಕಡಲೆಕಾಳನ್ನು ಇಟ್ಟರು. ಕಾಲೇಜು ಹಾಸ್ಟೆಲಿನಲ್ಲಿ ಪಿ.ಡಿ. ಮೇಷ್ಟ್ರು ತಂಡಕ್ಕೆ ಹೇಳಿಕೊಟ್ಟ ಅಭ್ಯಾಸವಂತೆ. ಹಲ್ಲು ಗಟ್ಟಿಯಿರುವವರೆಗೂ ಬೆಳಗ್ಗೆ ಒಂದು ಮುಷ್ಟಿ ತಿಂದವರು ಅವರು. ಪ್ರತಿ ರಾತ್ರಿ ಆ ಕಾಳನ್ನು ನೆನೆಹಾಕಿದವರು ಅಮ್ಮ, ಮದುವೆಯಾದ 1976ರಿಂದ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ‘ಮೃತರು ಪತ್ನಿ, ಓರ್ವ ಪುತ್ರ, ಇಬ್ಬರು ಪುತ್ರಿಯರು ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ’ ಎಂಬ ಸಿದ್ಧ ಸಾಲಿನಲ್ಲಿ ಹೆಂಡತಿಗೆ ಹೆಸರೇ ಇರುವುದಿಲ್ಲ. ಗಂಡನನ್ನು ಸಂಸಾರಸ್ಥನೆಂದು ಹೊಗಳುವ ಬರಹದಲ್ಲಿ ಆ ಸಂಸಾರವನ್ನು ನಡೆಸಿದವಳ ಹೆಸರು ಇಲ್ಲದಿರುವುದು ದೊಡ್ಡ ಅನ್ಯಾಯ. ಅಮ್ಮನ ಹೆಸರನ್ನು ಬರೆಯಿರಿ, ಸೊಸೆ ಅಳಿಯಂದಿರ, ಮೊಮ್ಮಕ್ಕಳ ಹೆಸರುಗಳನ್ನೂ ಬರೆಯಿರಿ. ಒಬ್ಬರ ಹೆಸರು ಬಿಟ್ಟುಹೋದರೂ ಆ ಬೇಸರ ವರ್ಷಗಟ್ಟಲೆ ಉಳಿಯುತ್ತದೆ.

ಆಟ ನಿಂತುಹೋದ ವರ್ಷಗಳನ್ನು ಹಾರಿಸಬೇಡಿ. ಕಾಲೇಜು ಬಿಟ್ಟ ಮೇಲೆ ಯಾಕೆ ಮುಂದುವರಿಯಲಿಲ್ಲ ಎಂಬ ಪ್ರಶ್ನೆ ಓದುವವರಿಗೆ ಬಂದೇ ಬರುತ್ತದೆ, ಮಕ್ಕಳು ಅದನ್ನು ಅವಮಾನವೆಂಬಂತೆ ಮುಚ್ಚಿಡುತ್ತಾರೆ. ನಮ್ಮ ಆಫ್ ಸ್ಪಿನ್ನರ್ ಎರಪಳ್ಳಿ ಪ್ರಸನ್ನ ಅವರು 1962ರ ವೆಸ್ಟ್ ಇಂಡೀಸ್ ಪ್ರವಾಸದಿಂದ ಬಂದ ಮೇಲೆ ಎಂಜಿನಿಯರಿಂಗ್ ಓದು ಮುಗಿಸುವುದಕ್ಕಾಗಿ ಟೆಸ್ಟ್ ಕ್ರಿಕೆಟ್ಟಿನಿಂದ ದೂರವಿದ್ದು, ಮತ್ತೆ ಭಾರತ ತಂಡಕ್ಕೆ ಬಂದದ್ದು 1966-67ರಲ್ಲಿ. ಅಷ್ಟು ದೊಡ್ಡ ಆಟಗಾರ ಕೂಡ ಆಟವನ್ನು ಪಕ್ಕಕ್ಕಿಟ್ಟ ಕಾಲವದು. ಅಪ್ಪನಿಗೆ ನೌಕರಿಯ ಆದೇಶ ಬಂದಾಗ ಅಜ್ಜ ಹಾಸಿಗೆ ಹಿಡಿದಿದ್ದರು, ಇಬ್ಬರು ತಂಗಿಯರ ಮದುವೆ ಆಗಬೇಕಿತ್ತು. ನಾನು ಅದನ್ನು ಎರಡು ವಾಕ್ಯಗಳಲ್ಲಿ ಬರೆದೆ. ಅವರು ಅದಕ್ಕಾಗಿ ಕೊರಗಿದರೇ ಎಂಬುದು ಯಾರಿಗೂ ತಿಳಿಯದು, ಆದ್ದರಿಂದ ಬರೆಯಲಿಲ್ಲ.

ಬರೆಯಲು ಕೂತಾಗ

ಮೊದಲು ಎದುರಾಗುವುದು ಏಕವಚನ ಬಹುವಚನದ ಪ್ರಶ್ನೆ. ಮನೆಯಲ್ಲಿ “ಅಪ್ಪ ಬಂದ” ಎನ್ನುವವರೂ ಬರಹದಲ್ಲಿ “ಅಪ್ಪ ಬಂದರು” ಎನ್ನುವುದೇ ಒಪ್ಪಿತ, ಹಾಗೆಯೇ ಮಾಡಿ. ಆದರೆ ಗೆಳೆಯರ ಮಾತನ್ನು ಉದ್ಧರಿಸುವಾಗ ಅವರು ‘ಅವನು’ ಎಂದದ್ದನ್ನು ‘ಅವರು’ ಎಂದು ತಿದ್ದಬೇಡಿ. ಐವತ್ತು ವರ್ಷದ ಸಲುಗೆ ಆ ಏಕವಚನದಲ್ಲಿದೆ.

ಹುಟ್ಟಿನಿಂದ ಆರಂಭಿಸಬೇಕೆಂಬ ನಿಯಮವಿಲ್ಲ. ನಾನು ಅಟ್ಟದ ಪಾತ್ರೆಗಳಿಂದ ಆರಂಭಿಸಿದೆ, ಅಲ್ಲಿಂದ ಕಾಲೇಜಿನ ಅಂಗಳಕ್ಕೆ ಹೋಗಿ, ಮತ್ತೆ ಮನೆಗೆ ಬಂದೆ. ಹುಟ್ಟು, ಓದು, ನೌಕರಿಯ ತಾರೀಖುಗಳನ್ನು ಕೊನೆಯಲ್ಲಿ ಒಂದು ಪಟ್ಟಿಯಾಗಿ ಕೊಟ್ಟೆ. ಬರೆದು ಮುಗಿಸಿದ ಮೇಲೆ ವಿಶೇಷಣಗಳಿಗೆಲ್ಲ ಗೆರೆ ಎಳೆದು ನೋಡಿ, ಪ್ರತಿಯೊಂದರ ಹಿಂದೆಯೂ ಒಂದು ಘಟನೆ ಇದೆಯೇ ಎಂದು ಕೇಳಿಕೊಳ್ಳಿ. ಇದ್ದರೆ ಘಟನೆಯನ್ನು ಬರೆದು ವಿಶೇಷಣವನ್ನು ತೆಗೆಯಿರಿ.

ಕೊರತೆಗಳನ್ನು ಬರೆಯಬೇಕೇ ಎಂದು ಅನೇಕರು ಕೇಳುತ್ತಾರೆ. ಸಾಲ, ಆಸ್ತಿಯ ಜಗಳ, ಕೊನೆಯ ಕಾಯಿಲೆಯ ವಿವರ ಇವು ಬೇಡ, ಅವು ಇತರರ ಬದುಕಿಗೂ ಸೇರಿದವು. ಆದರೆ ಸ್ವಭಾವದ ಒಂದು ಗಡುಸು ಇದ್ದರೆ ಇರಲಿ. ನನ್ನ ತಮ್ಮ ಪಿಯುಸಿಯಲ್ಲಿ ಆಟ ಬಿಟ್ಟಾಗ ಅಪ್ಪ ಮೂರು ತಿಂಗಳು ಅವನೊಡನೆ ಸರಿಯಾಗಿ ಮಾತನಾಡಲಿಲ್ಲ. ಅದನ್ನು ಬರೆಯಬೇಕೆಂದು ಹೇಳಿದವನು ತಮ್ಮನೇ.

ಕರಡು ಸಿದ್ಧವಾದ ಮೇಲೆ ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿ, ಅವರು ಬೇಡವೆಂದದ್ದನ್ನು ಕಾರಣ ಕೇಳದೆ ತೆಗೆಯಿರಿ. ಹೆಸರಿಸಿದ ಜೀವಂತ ವ್ಯಕ್ತಿಗಳ ಒಪ್ಪಿಗೆಯನ್ನೂ ಪಡೆಯಿರಿ. ಸಭೆಯಲ್ಲಿ ಮಾತನಾಡುವುದಾದರೆ ಇಡೀ ಬರಹವನ್ನು ಓದದೆ ಒಂದೇ ಪ್ರಸಂಗವನ್ನು ಆರಿಸಿಕೊಳ್ಳಿ, ನಾಲ್ಕು ನಿಮಿಷ ಸಾಕು.

ಅಚ್ಚಿನ ನಂತರ

ಒಂದು ಪ್ರತಿಯನ್ನು ಕಾಲೇಜಿನ ಗ್ರಂಥಾಲಯಕ್ಕೆ, ಒಂದನ್ನು ಊರಿನ ಗ್ರಂಥಾಲಯಕ್ಕೆ ಕೊಡಿ. ಹೆಸರಿನಲ್ಲಿ ಏನಾದರೂ ನಡೆಸಬೇಕೆಂಬ ಆಸೆ ಬಂದರೆ ದತ್ತಿನಿಧಿ ಇಡುವುದು ರೂಢಿ: ಮೂಲ ಹಣ ಠೇವಣಿಯಲ್ಲಿದ್ದು ಬಡ್ಡಿಯಿಂದ ಪ್ರತಿ ವರ್ಷ ಬಹುಮಾನ ಕೊಡಲಾಗುತ್ತದೆ. ಮೂಲ ಹಣ ಸಣ್ಣದಾಗಿದ್ದರೆ ವರ್ಷ ಕಳೆದಂತೆ ಬಡ್ಡಿಯಲ್ಲಿ ಒಂದು ಪದಕವೂ ಬರುವುದಿಲ್ಲ, ಆದ್ದರಿಂದ ನಾವು ಅಪ್ಪ ಓದಿದ ಊರಿನ ಪ್ರೌಢಶಾಲೆಗೆ ಪ್ರತಿ ಜೂನ್‌ನಲ್ಲಿ ಒಂದು ನೆಟ್ ಮತ್ತು ಎರಡು ಚೆಂಡು ಕೊಡುತ್ತಿದ್ದೇವೆ. ಆಟ ಆಡಿಯೇ ನೆನೆಯಬೇಕೆನ್ನುವ ಕುಟುಂಬಗಳಿಗೆ ಕೊಡಗು ಒಳ್ಳೆಯ ಮಾದರಿ; ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಅರವತ್ತು ಕುಟುಂಬಗಳ ತಂಡಗಳೊಂದಿಗೆ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ ಒಂದೊಂದು ಒಕ್ಕವೂ, ಅಂದರೆ ಮನೆತನವೂ, ತನ್ನ ಹೆಸರಿನಲ್ಲಿ ತಂಡ ಕಟ್ಟುತ್ತದೆ, ಅಜ್ಜ, ಸೊಸೆ, ಮೊಮ್ಮಗ ಒಟ್ಟಿಗೆ ಕಣಕ್ಕಿಳಿಯುತ್ತಾರೆ.

ಪುಸ್ತಿಕೆಯ ಕೊನೆಯ ಎರಡು ಪುಟಗಳನ್ನು ಖಾಲಿ ಬಿಡಿ, ನಿಮ್ಮ ಫೋನ್ ನಂಬರನ್ನು ಹಾಕಿ. ನಮ್ಮ ಗ್ರೂಪ್ ಫೋಟೊದ ಕೆಳಭಾಗ ಗೆದ್ದಲು ತಿಂದಿದ್ದರಿಂದ ನಿಂತವರ ಸಾಲಿನಲ್ಲಿ ಎಡದಿಂದ ನಾಲ್ಕನೆಯವರ ಹೆಸರು ಸಿಕ್ಕಿರಲಿಲ್ಲ. ‘ಹೆಸರು ತಿಳಿದವರು ದಯವಿಟ್ಟು ತಿಳಿಸಿ’ ಎಂದು ಅಚ್ಚು ಹಾಕಿಸಿದ್ದೆವು. ವರ್ಷದ ತಿಥಿ ಮುಗಿದ ಮೂರನೆಯ ದಿನ ಬೆಳಗ್ಗೆ ಭದ್ರಾವತಿಯಿಂದ ಒಬ್ಬರು ಹೆಣ್ಣುಮಗಳು ಫೋನ್ ಮಾಡಿ, “ಅದು ನಮ್ಮಪ್ಪ” ಎಂದರು. ಅವರ ಮನೆಯಲ್ಲಿ ತಂದೆಯ ಕಾಲೇಜು ದಿನಗಳ ಒಂದು ಚಿತ್ರವೂ ಇರಲಿಲ್ಲವಂತೆ. ಆ ಮುಖವನ್ನು ದೊಡ್ಡದಾಗಿ ಮುದ್ರಿಸಿ ಕಳುಹಿಸಿಕೊಟ್ಟು, ನನ್ನ ಪ್ರತಿಯಲ್ಲಿ ಪೆನ್ಸಿಲ್ಲಿನಿಂದ ಹೆಸರನ್ನು ಬರೆದುಕೊಂಡೆ.